ಕಡೆಯಿಂದ ಶುರು ಮಾಡುವವನ ಇಂಟರ್‌ವ್ಯೂ

ನನ್ನ ತಮ್ಮ ಹುಟ್ಟುವಾಗ ತಲೆ ಮುಂದಾಗಿ ಬಂದನೋ ಕಾಲು ಮುಂದಾಗಿ ಬಂದನೋ ಎಂದು ನನಗೆ ಇಂದಿಗೂ ಅನುಮಾನವಿದೆ. ಏಕೆಂದರೆ ಆಮೇಲೆ ಅವನು ಯಾವ ಕೆಲಸವನ್ನೂ ಮೊದಲಿನಿಂದ ಶುರು ಮಾಡಿದ್ದನ್ನು ನಾನು ಕಂಡಿಲ್ಲ! ಪತ್ರಿಕೆ ಓದುವುದು ಕೊನೆಯ ಪುಟದಿಂದ. ಅಂಗಿಯ ಗುಂಡಿ ಹಾಕಿಕೊಳ್ಳುವುದು ಕೆಳಗಿನಿಂದ. ಊಟದ ಸಾಲಿನಲ್ಲಿ ಬಡಿಸಲು ಬುಟ್ಟಿ ಹಿಡಿದನೆಂದರೆ ನೇರವಾಗಿ ಕಟ್ಟಕಡೆಯ ತಾಟಿಗೆ ಹೋಗಿ ನಿಲ್ಲುತ್ತಾನೆ. ನಮ್ಮ ಬಳಗದ ಒಂದು ಮದುವೆಯಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ ಬೀಗರು ಕಾದು ಕಾದು ಕೇಳಿಯೇ ಬಿಟ್ಟರು: "ಏನ್ರಿ ತಮ್ಮಾ, ನಮಗ ಇವತ್ತ ಬಡಸ್ತೀರೋ, ನಾಳಿ ಬರಬೇಕೋ?"

ನನ್ನ ಕಷ್ಟ ಬೀಗರಿಗಿಂತ ದೊಡ್ಡದು. ಮನೆಗೆ ಹಿರಿಯಳೆಂದು ಎಲ್ಲ ಊಟದಲ್ಲೂ ಮೊದಲ ತಾಟು ನನ್ನದು. ಅವನು ಬಡಿಸಿದರೆ ಬಿಸಿ ರೊಟ್ಟಿ ನನ್ನ ಹತ್ತಿರ ಬರುವ ಹೊತ್ತಿಗೆ ತಣ್ಣಗಾಗಿ ಹಪ್ಪಳವಾಗಿರುತ್ತದೆ!

ನಾನೋ, ಸುರಪುರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಐದಕ್ಕೆ ಗಂಟೆ, ಐದೂಕಾಲಿಗೆ ಹಾಜರಿ. ಹಾಜರಿಯೆಂದರೆ ಒಂದನೇ ನಂಬರಿನಿಂದ. ನಿವೃತ್ತಳಾಗಿ ಶಹಾಪುರಕ್ಕೆ ಬಂದ ಮೇಲೂ ಐದಕ್ಕೇ ಏಳುತ್ತೇನೆ. ಹಾಜರಿ ಕೂಗಲು ಯಾರೂ ಇಲ್ಲ, ಅಷ್ಟೇ. ಇಂಥ ನನಗೆ ಇಂಥ ತಮ್ಮ!

ಕೇಳಿದರೆ ಅವನು ಕಾಲುವೆಯ ಕಡೆ ಕೈ ತೋರಿಸುತ್ತಾನೆ. ಡಿಪ್ಲೊಮಾ ಮುಗಿಸಿದವನು ಇಪ್ಪತ್ತು ವರ್ಷಕ್ಕೂ ಮೇಲೆ ಒಬ್ಬ ಗುತ್ತಿಗೆದಾರರ ಕೈಕೆಳಗೆ ಕಾಲುವೆ ನೋಡಿಕೊಂಡಿದ್ದ. ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರೆ ಕಾಲುವೆಯ ಬಾಯಿಯ ಹತ್ತಿರ ನಿಂತು, ತುಂಬಿ ಹರಿಯುವ ನೀರು ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಇವನ ಮೋಟಾರ್ ಸೈಕಲ್ ಮಾತ್ರ ಕಾಲುವೆ ಮುಗಿಯುವ ಜಾಗಕ್ಕೆ, ಕೊನೆಯ ಹೊಲಕ್ಕೆ ಹೋಗುತ್ತಿತ್ತು. "ಬಾಯಾಗ ನೀರು ಯಾವಾಗಲೂ ಇರ್ತದ ಅಕ್ಕಾ. ಟೇಲೆಂಡಿಗೆ ಮುಟ್ಟೇದ ಅಂದ್ರ ನಡುವ ಎಲ್ಲಾ ಬರೋಬ್ಬರಿ ಅದ ಅಂತ ತಿಳಕೊ." ಕಾಲುವೆಗೆ ಇದು ಸರಿ ಇರಬಹುದು. ಅಂಗಿಯ ಗುಂಡಿಗೆ ಯಾವ ಟೇಲೆಂಡು?

ಹೀಗಿರುವಾಗ ಆ ಗುತ್ತಿಗೆದಾರರು ಕೆಲಸ ಮುಚ್ಚಿದರು. ಐವತ್ತು ದಾಟಿದ ಮನುಷ್ಯ ಮನೆಯಲ್ಲಿ ಕುಳಿತ. ಅದೇ ಹೊತ್ತಿಗೆ ಕಾಲುವೆಯ ಗೇಟುಗಳನ್ನೆಲ್ಲ ಹೊಸದು ಮಾಡುವ ಕೆಲಸ ಹಿಡಿದ ಒಂದು ಭಾರಿ ಕಂಪನಿ ಇಂಜಿನಿಯರಿಂಗ್ ಮ್ಯಾನೇಜರ್ ಬೇಕೆಂದು ಪ್ರಕಟಣೆ ಹೊರಡಿಸಿತು. ಹುದ್ದೆ ಒಂದೇ. ಈ ವಯಸ್ಸಿಗೆ ಮತ್ತೆ ಯಾರು ಕರೆಯುತ್ತಾರೆ? ಅದಕ್ಕೂ ಮೊದಲು ಎರಡು ಕಡೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಒಂದು ಕಡೆಯಂತೂ "ನಿಮ್ಮ ಬಗ್ಗೆ ಹೇಳಿ" ಎಂದಾಗ ಈ ಮಹಾನುಭಾವ ಶುರು ಮಾಡಿದ್ದು ಹೇಗೆ ಗೊತ್ತೇ? "ಹೋದ ತಿಂಗಳ ನನ್ನ ನೌಕರಿ ಹೋತ್ರಿ!" ಅಲ್ಲಿಂದ ಹಿಂದಕ್ಕೆ ನಡೆದು ಅವನು ಡಿಪ್ಲೊಮಾ ತಲುಪುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿದ್ದರು.

ಈ ಸಲ ಬಿಡಬಾರದೆಂದು ನಾನೇ ಕೈ ಹಾಕಿದೆ. ದಿನವೂ ಬೆಳಿಗ್ಗೆ ಆರಕ್ಕೆ ನನ್ನ ಮನೆಯ ಪಡಸಾಲೆಯಲ್ಲಿ ಇಂಟರ್‌ವ್ಯೂ. ಕುರ್ಚಿಯಲ್ಲಿ ನಾನು, ಎದುರಿಗೆ ಸ್ಟೂಲಿನ ಮೇಲೆ ಅವನು.

"ನಿಮ್ಮ ಕೈಕೆಳಗ ಹತ್ತು ಮಂದಿ ಅದಾರ. ಮುಂಜಾನೆ ಬಂದ ಕೂಡ್ಲೇ ಮೊದಲು ಯಾರನ್ನ ಕರೀತೀರಿ?"

"ಯಾರನ್ನೂ ಕರ್ಯಾಂಗಿಲ್ರಿ ಮೇಡಂ. ಕಡೀಕ ಕುಂತಾಂವನ ಹತ್ರ ನಾನಾ ಹೋಗ್ತೀನಿ."

"ತಪ್ಪು! ಒಂದನೇ ನಂಬರಿನಿಂದ ಕರೀಬೇಕು. ಮತ್ತ ಹೇಳು."

"ಕಡೀ ನಂಬರಿನಾಂವ ಬಂದಾನೋ ಇಲ್ಲೋ ನಿನಗ ಹ್ಯಾಂಗ ಗೊತ್ತಾಗಬೇಕಕ್ಕಾ?"

"ನನ್ನ ಹಾಸ್ಟೆಲಿನಾಗ ಬರಲಾರದ ಧೈರ್ಯ ಯಾರಿಗಿತ್ತಲೇ?"

ಕಂಪನಿಯ ಇಂಟರ್‌ವ್ಯೂ ಮೂರು ಸುತ್ತು. ಮೊದಲನೆಯದು ಫೋನಿನಲ್ಲಿ, ಹೇಗೋ ದಾಟಿತು. ಎರಡನೆಯದು ಯಾದಗಿರಿಯಲ್ಲಿ. ಕಾಲುವೆಯ ನಕ್ಷೆ ಮುಂದಿಟ್ಟು ತಪ್ಪು ಹುಡುಕಲು ಹೇಳಿದರಂತೆ. ಇವನು ಹಾಳೆಯನ್ನು ತಿರುಗಿಸಿ ತಲೆಕೆಳಗು ಮಾಡಿಕೊಂಡ. ಎದುರಿಗೆ ಕೂತಿದ್ದ ಇಬ್ಬರು ಇಂಜಿನಿಯರುಗಳೂ ಕತ್ತು ವಾರೆ ಮಾಡಿಕೊಂಡು ಇವನ ಬೆರಳಿನ ಹಿಂದೆ ಹೋದರು. ತಪ್ಪು ಸಿಕ್ಕಿತು, ಮೂರನೆಯ ಸುತ್ತಿಗೆ ಹೈದರಾಬಾದಿಗೆ ಕರೆ ಬಂತು.

ಯಾದಗಿರಿ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ರೈಲು ಹೊರಡುವವರೆಗೂ ಒಂದೇ ಮಾತು ಹೇಳಿದೆ: ಹತ್ತು ಅಂದರೆ ಹತ್ತಕ್ಕೆ ಸರಿಯಾಗಿ ಒಳಗಿರು.

ಮರುದಿನ ಸಂಜೆ ತಿರುಗಿ ನೇರ ನನ್ನ ಮನೆಗೆ ಬಂದವನನ್ನು ಕೇಳಿದೆ, "ಹತ್ತಕ್ಕ ಒಳಗ ಹೋದ್ಯಾ?"

"ಹತ್ತೂ ಇಪ್ಪತ್ತಕ್ಕ."

ನನ್ನ ಹಾಜರಿ ಪುಸ್ತಕದಲ್ಲಾಗಿದ್ದರೆ ಅದು ಗೈರುಹಾಜರಿ! ಆದದ್ದು ಇಷ್ಟು. ಬೇಗ ತಲುಪಿದ ಇವನು ಸುಮ್ಮನೆ ಕೂರಲಾಗದೆ ಕಚೇರಿಯ ಹಿತ್ತಿಲು ನೋಡಲು ಹೋಗಿದ್ದಾನೆ. ಹಿಂದಿನ ಗೇಟಿನ ವಾಚ್‌ಮನ್‌ಗೆ ಅಂದು ಇಂಟರ್‌ವ್ಯೂ ಇದೆಯೆಂದು ಯಾರೂ ತಿಳಿಸಿರಲಿಲ್ಲ. ಅವನು ಇಬ್ಬರನ್ನು ಹೊರಗೇ ನಿಲ್ಲಿಸಿದ್ದ. ಅವರೂ ಇದೇ ಹುದ್ದೆಗೆ ಬಂದವರು. ನನ್ನ ತಮ್ಮ ವಾದ ಮಾಡಿ, ಒಳಗಿನಿಂದ ಪ್ರವೇಶದ ಚೀಟಿ ತರಿಸಿ, ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿದ್ದಾನೆ!

"ಲೇ, ನಿನ್ನ ನೌಕರಿ ಕಸಗೊಳ್ಳಾಕ ಬಂದವರನ್ನ ನೀನಾ ಕೈಹಿಡಿದು ಒಳಗ ಕರಕೊಂಡು ಹೋದ್ಯಾ?"

"ಮತ್ತ? ಕರೆ ಅವರಿಗೂ ಬಂದಿತ್ತಲ್ಲಕ್ಕಾ."

ನಾನು ಹಣೆ ಹಣೆ ಬಡಿದುಕೊಂಡೆ. ಆಯಿತು, ಮೂರನೆಯ ನೌಕರಿಯೂ ಹೋಯಿತು!

"ತಡ ಯಾಕಾತು ಅಂತ ಕೇಳಿದ್ರು," ಅವನು ಶೂ ಬಿಚ್ಚುತ್ತ ಹೇಳಿದ. "ನಿಮ್ಮ ಟೇಲೆಂಡಿಗೆ ಸುದ್ದಿ ಮುಟ್ಟಿಲ್ರಿ ಅಂದೆ. ಅವರೊಳಗ ಒಬ್ಬರು ಹಿರಿಯರು ನಕ್ಕರು. ಹಿಂಗ ನೋಡೂದು ನಿಮಗ ಯಾರು ಕಲಿಸ್ಯಾರ ಅಂದ್ರು."

ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಇಷ್ಟು ದಿನ ಕಲಿಸಿದವಳು ನಾನಲ್ಲವೇ? "ಏನಂದಿ?"

"ನಮ್ಮಕ್ಕ ಅಂದೆ. ನಮ್ಮನ್ಯಾಗ ರೊಟ್ಟಿ ಬುಟ್ಟಿ ಅಪ್ಪನ ಕಡಿಂದ ಹೊಂಡ್ತಿತ್ತು, ಆಮ್ಯಾಲ ಅಣ್ಣಗೋಳು, ಆಮ್ಯಾಲ ನಾನು. ರೊಟ್ಟಿ ಬಡದಾಕಿ ನಮ್ಮಕ್ಕ ಕಡೀಕ ಕೂಡ್ತಿದ್ಲು. ಬುಟ್ಟಿ ಅಕಿ ಹತ್ರ ಬರೂದ್ರಾಗ ಖಾಲಿ. ದಿನಾ ಅದಾ ಹೊತ್ತಿಗೆ ಅಕಿ 'ನನಗ ಹಸಿವಿಲ್ಲ' ಅಂತಿದ್ಲು. ಯಾರಿಗರ ದಿನಾ ಒಂದಾ ಹೊತ್ತಿಗೆ ಹಸಿವು ಇರಲಾರದಂಗ ಆಗ್ತದೇನ್ರಿ ಸಾಹೇಬರ, ಅಂತ ಕೇಳಿದೆ."

ಶೂ ಜೋಡಿಯನ್ನು ಗೋಡೆಗೆ ಸರಿಸಿ ಅವನು ಕೈಕಾಲು ತೊಳೆಯಲು ಹೋದ. ನಾನು ಕುಳಿತೇ ಇದ್ದೆ. ಆರು ಗಂಟೆಗೆ ಹಚ್ಚಬೇಕಾದ ದೀಪವನ್ನು ಅಂದು ಎಷ್ಟು ಹೊತ್ತಿಗೆ ಹಚ್ಚಿದೆನೋ ನೆನಪಿಲ್ಲ. ಆ ರೊಟ್ಟಿ ಬುಟ್ಟಿಯ ಕಾಲದಲ್ಲಿ ಅವನಿಗೆ ಆರೋ ಏಳೋ ವರ್ಷ. ಹಸಿವಿಲ್ಲವೆಂಬ ನನ್ನ ಮಾತನ್ನು ಎಲ್ಲರೂ ನಂಬಿದ್ದಾರೆಂದೇ ನಾನು ಇಷ್ಟು ಕಾಲ ತಿಳಿದಿದ್ದೆ.

ಮೂರು ವಾರದ ನಂತರ ಪತ್ರ ಬಂತು. ನೌಕರಿ ಅವನಿಗೇ! ಆ ಭಾನುವಾರ ಅವನ ಮನೆಯಲ್ಲಿ ಬಳಗಕ್ಕೆಲ್ಲ ಊಟ. ಅವನ ಹೆಂಡತಿ ಎಂದಿನಂತೆ ಮೊದಲ ತಾಟು ನನಗಿಟ್ಟಿದ್ದಳು. ಕೂರಲು ಹೋದವಳು ನಿಂತೆ. ಕೊನೆಯ ಜಾಗ ಬಿಟ್ಟು ನನಗೆ ಎಷ್ಟೋ ವರ್ಷಗಳಾಗಿದ್ದವು. ಅವನು ಮಾತ್ರ ಇನ್ನೂ ಅಲ್ಲಿಂದಲೇ ಬಡಿಸುತ್ತಿದ್ದ. ತಾಟು ಎತ್ತಿಕೊಂಡು ಹೋಗಿ ಸಾಲಿನ ಕಟ್ಟಕಡೆಗೆ ಕುಳಿತೆ.

"ಅಕ್ಕಾರ, ನಿಮ್ಮ ಜಾಗ ಇಲ್ಲಿ ಅದ ರೀ!" ಎಂದಳು ಅವನ ಹೆಂಡತಿ.

ಅಷ್ಟರಲ್ಲಿ ಅವನು ಬುಟ್ಟಿ ಹಿಡಿದು ಅಡಿಗೆಮನೆಯಿಂದ ಬಂದ. ಅಭ್ಯಾಸದಂತೆ ನೇರವಾಗಿ ಕೊನೆಗೆ ನಡೆದು ಬಂದು, ನನ್ನನ್ನು ಕಂಡು ನಿಂತ. ರೊಟ್ಟಿಯಿಂದ ಹಬೆ ಏಳುತ್ತಿತ್ತು.

"ಹಸಿವು ಅದ ಏನಕ್ಕಾ?"

"ಭಾಳ ಹಸದೀನಿ," ಎಂದೆ. "ಎರಡು ಹಾಕು."