ಒಂದು ಬೋಲ್ಟು ಮಿಕ್ಕಿತು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಬಿಚ್ಚುವ ಚಟ. ಗೋಡೆ ಗಡಿಯಾರ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಚ್ಚಲಿನ ನಲ್ಲಿ, ಹೀಗೆ ನಮ್ಮ ಮನೆಯಲ್ಲಿ ನಾನು ಒಮ್ಮೆಯಾದರೂ ಬಿಚ್ಚದ ವಸ್ತುವಿಲ್ಲ. ಬಿಚ್ಚುವಾಗ ನನಗೆ ಎಲ್ಲಿಲ್ಲದ ಧೈರ್ಯ. ಮುಚ್ಚುವ ಹೊತ್ತಿಗೆ ಆ ಧೈರ್ಯ ಮೆಲ್ಲಗೆ ಜಾರಿಕೊಂಡು, ಹೆಂಡತಿಯ ಮುಖ ನೆನಪಾಗತೊಡಗುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಇಪ್ಪತ್ತಾರು ವರ್ಷದಿಂದ ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಿದ್ಯುತ್ತಿನ ಪಾಠ ಮಾಡುವಾಗ ಕರಿಹಲಗೆಯ ಮೇಲೆ ನಾನು ಬರೆದ ಬಲ್ಬು ಉರಿಯದೆ ಇದ್ದದ್ದೇ ಇಲ್ಲ. ಮನೆಯಲ್ಲಿ ನಾನು ಹೋಲ್ಡರು ಬದಲಿಸಿದ ಬಲ್ಬಿನ ಕಥೆ ಮಾತ್ರ ಬೇರೆ.

ನನ್ನ ಹೆಂಡತಿ ಗಿರಿಜೆಗೆ ಈ ಚಟವಿಲ್ಲ. ಅವಳು ಬಟ್ಟೆ ಹೊಲಿಯುವವಳು. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿ ಕಂಪನಿ ಕಟ್ಟಿಸಿದ ನಮ್ಮ ಹಳೆಯ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆಯಂತ್ರವಿದೆ. ತಿಂಗಳಿಗೊಮ್ಮೆ ಅವಳೂ ಅದನ್ನು ಬಿಚ್ಚುತ್ತಾಳೆ. ಒಂದು ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ತಿರುಪುಗಳನ್ನು ಸಾಲಾಗಿ ಜೋಡಿಸಿ, ಒರೆಸಿ, ಎಣ್ಣೆ ಬಿಟ್ಟು, ಅದೇ ಸಾಲನ್ನು ಹಿಂದಿನಿಂದ ಮುಂದಕ್ಕೆ ಮುಗಿಸಿಬಿಡುತ್ತಾಳೆ. ಕೊನೆಗೆ ಬಟ್ಟೆಯ ಮೇಲೆ ಏನೂ ಉಳಿದಿರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಒಂದು ಬಗೆಯ ಸಿಟ್ಟು ಬರುತ್ತದೆ.

ಈಗ ನಡೆದದ್ದನ್ನು ಹೇಳುವ ಮೊದಲು ಏಳು ವರ್ಷದ ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ಆಗ ನಮ್ಮಲ್ಲಿ ಸ್ಕೂಟರಿತ್ತು. ಬಂಗಾರಪೇಟೆಯಿಂದ ಇಬ್ಬರೂ ವಾಪಸು ಬರುತ್ತಿದ್ದಾಗ ಒಂದು ನಾಯಿ ರಸ್ತೆಗೆ ಅಡ್ಡ ಬಂತು. ಸ್ಕೂಟರು ಮಗುಚಿತು. ನನಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಿರಿಜೆಯ ಎಡಗೈ ಮಣಿಕಟ್ಟು ಮುರಿಯಿತು. ಹೊಲಿಯುವವಳ ಕೈ. ನಾಲ್ಕು ತಿಂಗಳು ಯಂತ್ರದ ಮೇಲೆ ಹೊದಿಸಿದ ಬಟ್ಟೆ ತೆಗೆಯಲಿಲ್ಲ. ಬೀಳುವ ಮೊದಲು ಅವಳು ನಾಯಿ, ನಾಯಿ ಎಂದು ಕೂಗಿದ್ದಳಂತೆ. ಗಾಳಿಯ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ ಎಂದು ಆಸ್ಪತ್ರೆಗೆ ಬಂದವರಿಗೆಲ್ಲ ಹೇಳಿದೆ. ಅವಳೂ ಕೇಳಿಸಿಕೊಂಡಳು. ಒಂದು ಮಾತೂ ಬೈಯಲಿಲ್ಲ. ಆದರೆ ಅಂದಿನಿಂದ ನನ್ನ ಹಿಂದೆ ಕೂರಲಿಲ್ಲ. ತವರಿಗೆ ಹೋಗಬೇಕಾದರೆ ಬಸ್ಸು. ನಾನು ಬಸ್ಸಿನ ಹಿಂದೆ ಸ್ಕೂಟರಿನಲ್ಲಿ. ಮದುವೆ ಮನೆಗಳಿಗೆ ನಾವು ಜಗಳವಾಡಿಕೊಂಡವರ ಹಾಗೆ ಬೇರೆ ಬೇರೆಯಾಗಿ ತಲುಪುತ್ತಿದ್ದೆವು.

ಹೀಗಿರುವಾಗ ಹೋದ ತಿಂಗಳು ನಾನು ಒಂದು ಟೂರಿಂಗ್ ಮೋಟರ್‌ಸೈಕಲ್ ತಂದೆ. ಐವತ್ತನಾಲ್ಕು ವರ್ಷದ ಮೇಷ್ಟ್ರಿಗೆ ಇಷ್ಟು ಎತ್ತರದ ಗಾಡಿ ಯಾಕೆ ಎಂದು ಬೀದಿಯೆಲ್ಲ ಕೇಳಿತು. ಗಿರಿಜೆ ಕೇಳಲಿಲ್ಲ. ಹನ್ನೊಂದು ದಿನ ಗಾಡಿಯ ಪಕ್ಕದಲ್ಲೇ ಓಡಾಡಿಕೊಂಡು, ಅದರ ಕನ್ನಡಿಯಲ್ಲಿ ಒಮ್ಮೆ ಕುಂಕುಮ ಸರಿಮಾಡಿಕೊಂಡು, ಹನ್ನೆರಡನೆಯ ದಿನ ಊಟಕ್ಕೆ ಬಡಿಸುವಾಗ ಮಾತೆತ್ತಿದಳು. ಅವಳಿಗೆ ಕನ್ಯಾಕುಮಾರಿ ನೋಡಬೇಕಿತ್ತು. ಸಮುದ್ರವನ್ನೇ ನೋಡಿದವಳಲ್ಲ.

“ಬತ್ತೀನಿ. ಆದ್ರೆ ನಾನು ಇಂದೆ ಕೂತ್ಕೊಂಡು ಮಾತಾಡಿದ್ದು ನಿಮ್ಗೆ ಕೇಳಿಸ್ಬೇಕು. ಅವತ್ತು ಅಷ್ಟು ಕೂಗ್ದೆ, ಕೇಳಿಸ್ಲಿಲ್ಲ ಅಂದ್ರಿ.”

ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ. ಆದರೂ ಖುಷಿಯಾಯಿತು. ಹೆಲ್ಮೆಟ್ಟಿನೊಳಗೆ ಕೂರಿಸುವ ಇಂಟರ್‌ಕಾಮ್ ಎಂಬ ಯಂತ್ರವಿದೆಯೆಂದೂ, ಅದಿದ್ದರೆ ಹಿಂದೆ ಕೂತವರ ಉಸಿರೂ ಮುಂದಿನವರಿಗೆ ಕೇಳಿಸುತ್ತದೆಯೆಂದೂ ವಿವರಿಸಿದೆ. ಅದರ ಜೊತೆಗೆ ದೂರದ ಪ್ರಯಾಣಕ್ಕೆಂದು ಗಾಡಿ ಬಿದ್ದರೆ ಕಾಲು ಕಾಯುವ ಕ್ರ್ಯಾಶ್ ಗಾರ್ಡು, ಎರಡು ಪಕ್ಕಕ್ಕೆ ಎರಡು ಪೆಟ್ಟಿಗೆ, ಅವನ್ನು ಹೊರುವ ಕಬ್ಬಿಣದ ಚೌಕಟ್ಟು, ಮಂಜಿಗೆ ಹಳದಿ ದೀಪ, ಮೊಬೈಲು ಸಿಕ್ಕಿಸುವ ಹಿಡಿ, ಎಲ್ಲವನ್ನೂ ತರಿಸಿದೆ. ಗಿರಿಜೆ ಮೆಕ್ಯಾನಿಕ್ಕಿನ ಹತ್ತಿರ ಹಾಕಿಸಿ ಎಂದಳು. ನಾನು ನಕ್ಕೆ. ಆ ನಗು ಈಗಲೂ ನೆನಪಿದೆ.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವನೇ ಅಂಗಳದಲ್ಲಿ ಕೆಲಸಕ್ಕೆ ಕೂತೆ. ಪೆಟ್ಟಿಗೆಯ ಚೌಕಟ್ಟಿನ ಜೊತೆ ಒಂದು ಚಿತ್ರಗಳ ಪುಸ್ತಕವೂ ಬಂದಿತ್ತು. ಎಣ್ಣೆ ಸೋರಿ ನೆಲ ಹಾಳಾಗದಿರಲಿ ಎಂದು ಅದನ್ನು ಗಾಡಿಯ ಕೆಳಗೆ ಹಾಸಿದೆ. ಒಳಗೆ ಗಿರಿಜೆಯ ಯಂತ್ರ ಓಡುತ್ತಿತ್ತು. ನನ್ನ ಕೈಯಿಂದ ಸ್ಪ್ಯಾನರು ಬಿದ್ದಾಗಲೆಲ್ಲ ಅದು ನಿಲ್ಲುತ್ತಿತ್ತು. ನಾನು ಕೆಮ್ಮಿ, ಜೀವಂತ ಇದ್ದೇನೆಂದು ತಿಳಿಸಿದ ಮೇಲೆ ಮತ್ತೆ ಓಡುತ್ತಿತ್ತು. ನಡುವೆ ಊಟಕ್ಕೆ ಕರೆದಳು. ಅರ್ಧಕ್ಕೆ ಬಿಟ್ಟು ಎದ್ದು ಹೋದೆ. ಬಂದು ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದಲೇ ಶುರುಮಾಡಿದೆ ಎಂದೇ ಅಂದುಕೊಂಡಿದ್ದೆ.

ಇಂಟರ್‌ಕಾಮ್ ನನ್ನನ್ನು ಇನ್ನಷ್ಟು ಕಾಡಿತು. ಹೆಲ್ಮೆಟ್ಟಿನ ಒಳಗಿನ ಮೆತ್ತೆ ಕಿತ್ತು, ಎರಡು ಕಿವಿಗೆ ಎರಡು ಸ್ಪೀಕರು ಅಂಟಿಸಿ, ಬಾಯಿಯ ಮುಂದೆ ಪುಟ್ಟ ಮೈಕು ಸಿಕ್ಕಿಸಬೇಕು. ನಾನು ಅಂಟಿಸಿದ ಸ್ಪೀಕರು ತಲೆಗೆ ಹಾಕಿಕೊಂಡಾಗ ಕಿವಿಗೆ ಸಿಗದೆ ದವಡೆಗೆ ಬಂತು. ಕಿತ್ತು ಮತ್ತೆ ಅಂಟಿಸಿದೆ. ಎರಡು ಹೆಲ್ಮೆಟ್ಟುಗಳನ್ನು ಒಂದಕ್ಕೊಂದು ಜೋಡಿಸಲು ಗುಂಡಿ ಒತ್ತಿ ಕಾದರೆ, ನನ್ನದು ಪಕ್ಕದ ಮನೆಯ ಟೀವಿಯ ಜೊತೆ ಜೋಡಿಯಾಯಿತು. ತಮಿಳು ಧಾರಾವಾಹಿಯ ಅತ್ತೆಯೊಬ್ಬಳು ನನ್ನ ಕಿವಿಯಲ್ಲಿ ಅಳತೊಡಗಿದಳು. ಅತ್ತ ಪಕ್ಕದ ಮನೆಯವರು ಟೀವಿಯ ಸದ್ದು ನಿಂತುಹೋಯಿತೆಂದು ಅದರ ತಲೆಗೆ ಬಡಿಯುವುದು ಗೋಡೆಯಾಚೆ ಕೇಳಿಸುತ್ತಿತ್ತು. ಸಂಜೆ ಆರಕ್ಕೆ ಹೇಗೋ ಸರಿಹೋಯಿತು. ಗಿರಿಜೆ ತನ್ನ ಹೆಲ್ಮೆಟ್ ಹಾಕಿಕೊಂಡು ಅಡುಗೆಮನೆಯಿಂದ, “ಕಾಫಿ ಕುಡೀತೀರಾ?” ಎಂದಳು. ಅಂಗಳದಲ್ಲಿದ್ದ ನನ್ನ ಕಿವಿಯೊಳಗೇ ಬಂದು ಕೇಳಿದ ಹಾಗಾಯಿತು. ಗೆದ್ದೆ ಅನ್ನಿಸಿತು.

ಆ ಕಾಫಿ ಕುಡಿಯುತ್ತ ನೆಲ ಗುಡಿಸುವಾಗ ಒಂದು ಬೋಲ್ಟು ಸಿಕ್ಕಿತು. ಹೆಬ್ಬೆರಳಷ್ಟು ಉದ್ದ, ಕಪ್ಪು ಬಣ್ಣ, ಕೊರಳಲ್ಲಿ ಒಂದು ವಾಷರು.

ಗಾಡಿಯ ಸುತ್ತ ಮೂರು ಸುತ್ತು ಬಂದೆ. ಬೋಲ್ಟು ಇಲ್ಲದ ತೂತು ಎಲ್ಲೂ ಕಾಣಲಿಲ್ಲ. ಪುಸ್ತಕ ನೋಡೋಣವೆಂದರೆ ಎಣ್ಣೆ ಕುಡಿದು ಹಪ್ಪಳದಂತಾಗಿತ್ತು. ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಬಿಚ್ಚಿದರೆ ಗಿರಿಜೆಗೆ ಗೊತ್ತಾಗುತ್ತದೆ. ಗೊತ್ತಾದರೆ ಏಳು ವರ್ಷದ ಮೇಲೆ ಬಂದ ಮನಸ್ಸು ಮುರಿಯುತ್ತದೆ. ಕಂಪನಿಯವರು ಒಂದು ಬೋಲ್ಟು ಹೆಚ್ಚಿಗೆ ಕೊಟ್ಟಿರುತ್ತಾರೆ ಎಂದುಕೊಂಡೆ. ಒಳಗಿನಿಂದ ಅವಳು, ಎಲ್ಲ ಆಯ್ತಾ ಎಂದು ಕೇಳಿದಳು. ಆಯ್ತು ಎಂದೆ. ಬೋಲ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಪರೀಕ್ಷೆಗೆಂದು ಬಂಗಾರಪೇಟೆಯ ಪಕ್ಕದ ಹಳ್ಳಿಗೆ, ಗಿರಿಜೆಯ ತಂಗಿಯ ಮನೆಗೆ ಹೊರಟೆವು. ತಂಗಿಗೆಂದು ಹೊಲಿದ ರವಿಕೆ, ಲಂಗ, ಎರಡು ಜಾಡಿ ಉಪ್ಪಿನಕಾಯಿ, ಎಲ್ಲವೂ ಪೆಟ್ಟಿಗೆಗಳಿಗೆ ಹೋದವು. ಗಿರಿಜೆ ದೇವರಿಗೆ ಕೈಮುಗಿದು, ನನ್ನ ಭುಜ ಹಿಡಿದು ಹತ್ತಿ ಕೂತಳು. ಕೂತ ಮೇಲೂ ಭುಜ ಬಿಡಲಿಲ್ಲ. ಕಿವಿಯಲ್ಲಿ ಅವಳ ಉಸಿರು. ಅದಕ್ಕಿಂತ ಹತ್ತಿರ, ಎದೆಯ ಮೇಲೆ ಜೇಬಿನಲ್ಲಿ, ಆ ಬೋಲ್ಟು.

ನಾನು ಓಡಿಸಿದ ಅತ್ಯಂತ ಉದ್ದದ ದಾರಿ ಅದೇ ಇರಬೇಕು. ಚಿನ್ನ ತೆಗೆದು ಉಳಿದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ ದಾಟುವಷ್ಟರಲ್ಲಿ ಬೆನ್ನೆಲ್ಲ ಬೆವರು. ಬ್ರೇಕು ಹಿಡಿದರೆ ಬ್ರೇಕಿನ ಬೋಲ್ಟೇ ಇರಬಹುದೆನ್ನಿಸುತ್ತಿತ್ತು. ಹ್ಯಾಂಡಲು ತಿರುಗಿಸಿದರೆ ಹ್ಯಾಂಡಲಿನದು. ಬ್ರೇಕನ್ನಾಗಲಿ ಹ್ಯಾಂಡಲನ್ನಾಗಲಿ ನಾನು ಮುಟ್ಟಿಯೇ ಇರಲಿಲ್ಲ ಎಂದು ಬುದ್ಧಿ ಹೇಳಿದರೂ ಕೈ ನಂಬಲಿಲ್ಲ. ಒಂದೊಂದನ್ನೇ ನೆನೆದು ಎಣಿಸತೊಡಗಿದೆ. ಗಾರ್ಡಿಗೆ ನಾಲ್ಕು, ದೀಪಕ್ಕೆ ಎರಡು, ಬಲಗಡೆ ಚೌಕಟ್ಟಿಗೆ ಮೂರು. ಮನಸ್ಸಿನಲ್ಲೇ ಎಣಿಸುತ್ತಿದ್ದೇನೆ ಅಂದುಕೊಂಡಿದ್ದೆ. ಏನ್ರೀ ಲೆಕ್ಕ ಹಾಕ್ತಿದ್ದೀರ ಎಂದು ಕಿವಿಯಲ್ಲಿ ದನಿ ಬಂತು. ಗಾಯತ್ರಿ ಜಪ ಎಂದೆ. ಜಪದಲ್ಲಿ ವಾಷರು ಯಾಕೆ ಬಂತು ಎಂದು ಅವಳು ಕೇಳಲಿಲ್ಲ.

ರಸ್ತೆ ಸ್ವಲ್ಪ ಚೆನ್ನಾಗಿದ್ದಲ್ಲಿ ವೇಗ ಐವತ್ತಕ್ಕೆ ಹೋಯಿತು. ಎದುರಿನಿಂದ ಒಂದು ಲಾರಿ ಬರುತ್ತಿತ್ತು. ಆಗಲೇ ಗಿರಿಜೆ ಹೇಳಿದಳು.

“ನಿಲ್ಸಿ. ಈಗ್ಲೇ ನಿಲ್ಸಿ.”

ಕೂಗಲಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ. ನಾನು ನಿಲ್ಲಿಸಿದೆ. ಲಾರಿ ಧೂಳೆಬ್ಬಿಸಿ ಹೋಯಿತು. ಇಳಿದು ನೋಡಿದರೆ ಎಡಗಡೆಯ ಚೌಕಟ್ಟು ಕೆಳಗೆ ಹಿಡಿತವಿಲ್ಲದೆ ಒಳಕ್ಕೆ ವಾಲಿತ್ತು; ಪೆಟ್ಟಿಗೆಯ ಮೂಲೆ ಹಿಂದಿನ ಚಕ್ರಕ್ಕೆ ಎರಡು ಬೆರಳು ದೂರದಲ್ಲಿತ್ತು. ಪೆಟ್ಟಿಗೆ ಕೂರಿಸಿದ ಮೇಲೆ ಮರೆಯಾಗಿಬಿಡುವ ತೂತೊಂದು ಅಲ್ಲಿತ್ತು. ಊಟಕ್ಕೆ ಎದ್ದಾಗ ಬಿಟ್ಟದ್ದು ಅದನ್ನೇ. ಅಲ್ಲಿಯವರೆಗೆ ಕಾಲಿಗೆ ತಗಲುತ್ತಿದ್ದ ಪೆಟ್ಟಿಗೆ ದೂರ ಸರಿದಾಗಲೇ ಗಿರಿಜೆಗೆ ಅನುಮಾನ ಬಂದಿತ್ತಂತೆ. ಇನ್ನೊಂದು ಹಳ್ಳ ಸಿಕ್ಕಿದ್ದರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ನಾನು ಯೋಚಿಸದೆ ಜೇಬಿಗೆ ಕೈಹಾಕಿ ಬೋಲ್ಟು ತೆಗೆದೆ. ತೂತಿಗೂ ಅದಕ್ಕೂ ಸರಿಹೋಗುತ್ತದೆಯೇ ಎಂದು ನೋಡುವ ಆತುರ. ಸರಿಹೋಗುತ್ತಿತ್ತು. ತಲೆಯೆತ್ತಿದರೆ ಗಿರಿಜೆ ಬೋಲ್ಟನ್ನು ನೋಡುತ್ತಿದ್ದಳು.

“ಇದು ಯಾವಾಗಿಂದ ಜೇಬಲ್ಲಿತ್ತು?”

ನಿನ್ನೆ ಸಂಜೆಯಿಂದ ಎಂದೆ.

ಅವಳು ಹೆಲ್ಮೆಟ್ ತೆಗೆದಳು. ಅದನ್ನು ಬುಟ್ಟಿಯ ಹಾಗೆ ಕೈಯಲ್ಲಿ ಹಿಡಿದುಕೊಂಡು ಬಂಗಾರಪೇಟೆಯ ದಿಕ್ಕಿಗೆ ನಡೆಯತೊಡಗಿದಳು. ಪೆಟ್ಟಿಗೆ ಬಿಡಿಸದೆ ಬೋಲ್ಟು ಹಾಕುವ ಹಾಗಿಲ್ಲ. ಪೆಟ್ಟಿಗೆ ಬಿಡಿಸಲು ಬೇಕಾದ ಸ್ಪ್ಯಾನರು ಮನೆಯಲ್ಲಿ. ಬೇರೆ ದಾರಿಯಿಲ್ಲದೆ ಗಾಡಿಯನ್ನು ತಳ್ಳಿಕೊಂಡು ಅವಳ ಹಿಂದೆ ಹೊರಟೆ. ನಾಲ್ಕು ಆಳಿನ ತೂಕದ ಗಾಡಿ, ಮೇಲೆ ಉಪ್ಪಿನಕಾಯಿ. ಹೆಲ್ಮೆಟ್ ತೆಗೆಯಲೂ ಕೈ ಬಿಡುವಿರಲಿಲ್ಲ. ಐವತ್ತು ಹೆಜ್ಜೆ ಮುಂದೆ ಅವಳು, ಹಿಂದೆ ನಾನು. ನಾನು ಏದುಸಿರು ಬಿಡುವುದು ನನ್ನ ಮೈಕಿಗೆ ಹೋಗುತ್ತಿತ್ತು. ಅವಳ ಹೆಜ್ಜೆಯ ಸದ್ದು ಅವಳ ಕೈಯಲ್ಲಿ ತೂಗಾಡುತ್ತಿದ್ದ ಹೆಲ್ಮೆಟ್ಟಿನಿಂದ ನನ್ನ ಕಿವಿಗೆ ಬರುತ್ತಿತ್ತು.

ಅವಳು ಕಿವಿಗೆ ಹಾಕಿಕೊಂಡಿಲ್ಲ, ಹಾಗಾಗಿ ಕೇಳಿಸುವುದಿಲ್ಲ ಎಂಬುದೊಂದೇ ನನ್ನ ಧೈರ್ಯ. ಮಾತಾಡತೊಡಗಿದೆ. ಬೋಲ್ಟಿನದು ತಪ್ಪಾಯಿತು ಎಂದೆ. ನೀನು ಮತ್ತೆ ಬರುವುದಿಲ್ಲ ಅನ್ನುತ್ತೀಯೆಂದು ಹೆದರಿದೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. ಏಳು ವರ್ಷದಿಂದ ಯಾರಿಗೂ ಹೇಳದೆ ಇದ್ದದ್ದು ಆ ಏದುಸಿರಿನ ನಡುವೆ ತಾನಾಗಿ ಬಂತು.

“ಗಿರಿಜಾ, ಅವತ್ತು ನೀನು ಕೂಗಿದ್ದು ನನಗೆ ಕೇಳಿಸಿತ್ತು. ನಾಯಿ ಬರೋದ್ರೊಳಗೆ ದಾಟ್ಕೊಂಡು ಹೋಗ್ಬಿಡಬಹುದು ಅಂದ್ಕೊಂಡೆ.”

ಹೆಜ್ಜೆಯ ಸದ್ದು ನಿಂತಿತು. ಅವಳು ತಿರುಗಲಿಲ್ಲ. ಹೆಲ್ಮೆಟ್ಟನ್ನು ಎತ್ತಿ ಬಾಯಿಯ ಹತ್ತಿರ ಹಿಡಿದಳು. ಅವಳ ಹೆಲ್ಮೆಟ್ಟಿನ ಸ್ಪೀಕರಿನ ಸದ್ದನ್ನು ನಾನೇ ತುದಿಗೆ ಏರಿಸಿಟ್ಟಿದ್ದೆ. ಭಾನುವಾರದ ಖಾಲಿ ರಸ್ತೆಯಲ್ಲಿ ನನ್ನ ಮಾತು ಅವಳಿಗೆ ಒಂದಕ್ಷರ ಬಿಡದೆ ಕೇಳಿಸಿತ್ತು.

“ಗೊತ್ತು. ಕೂಗಿದ್ ಮೇಲೇನೆ ಅಲ್ವಾ ನೀವು ಗಾಡಿ ಜೋರು ಮಾಡಿದ್ದು. ಇಂದೆ ಕೂತಿದ್ದೋಳಿಗೆ ಗೊತ್ತಾಗಲ್ವಾ?”

ಗಾಡಿಯನ್ನು ಹಿಡಿದುಕೊಂಡು ನಿಂತೆ. ಹಾಗಾದರೆ ನಿನ್ನ ಮಾತು ಕೇಳಿಸಲೇಬೇಕು ಎಂದು ಹಟ ಹಿಡಿದದ್ದು ಯಾಕೆ ಎಂದೆ.

“ಇನ್ನೊಂದ್ಸಲ ಕೇಳಿಸ್ಲಿಲ್ಲ ಅನ್ನೋಕೆ ನಿಮ್ಗೆ ದಾರಿ ಇರಬಾರ್ದು ಅಂತ.”

ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಸೈಕಲ್ಲಿನವನು ನಮ್ಮಿಬ್ಬರನ್ನೂ ನೋಡುತ್ತ ಹೋದ. ಆಮೇಲೆ ಗಿರಿಜೆ ವಾಪಸು ಬಂದಳು. ನನ್ನ ಮುಖ ನೋಡದೆ ಬಲಗಡೆಯ ಪೆಟ್ಟಿಗೆ ತೆರೆದು, ತಂಗಿಗೆ ಹೊಲಿದಿದ್ದ ಹೊಸ ಲಂಗದಿಂದ ಲಾಡಿ ಎಳೆದಳು. ಎಳೆದ ಲಾಡಿಯಿಂದ ವಾಲಿದ ಚೌಕಟ್ಟನ್ನು ಹೊರಕ್ಕೆ ಬಿಗಿದು, ಸುತ್ತಿ, ಮೂರು ಗಂಟು ಹಾಕಿದಳು. ಗಾಡಿಯ ಕಂಪನಿಯವರೂ ಅಷ್ಟು ಗಟ್ಟಿಯಾಗಿ ಬಿಗಿಯುತ್ತಿರಲಿಲ್ಲ. ನಾನು ನಡೆದೇ ಹೋಗೋಣ ಎಂದೆ. ಅವಳು ಹೆಲ್ಮೆಟ್ ಹಾಕಿಕೊಂಡು ಹತ್ತಿ ಕೂತು, ಇಪ್ಪತ್ತರ ಮೇಲೆ ಹೋಗಬೇಡಿ ಎಂದಳು. ಹೋಗಲಿಲ್ಲ. ಒಂದು ಎತ್ತಿನ ಗಾಡಿ ನಮ್ಮನ್ನು ಹಿಂದಿಕ್ಕಲು ನೋಡಿತು.

ತಂಗಿಯ ಗಂಡ ಮುನಿರಾಜು ಹಸು ಸಾಕಿದವನು. ಹಾಲು ಕರೆಯುವ ಯಂತ್ರವನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಾನೆ. ಗುಲಾಬಿ ಬಣ್ಣದ ಲಾಡಿ ಕಟ್ಟಿಕೊಂಡು ಬಂದ ಗಾಡಿಯನ್ನು ಅವನು ಒಂದು ಸುತ್ತು ಬಂದು ನೋಡಿದ. ಸ್ಪ್ಯಾನರು ತಂದು ಒಂದೊಂದೇ ಬೋಲ್ಟು ಅಲ್ಲಾಡಿಸಿದ. ಆರು ಸಡಿಲವಾಗಿದ್ದವು.

“ಯಾರಣ್ಣ ಇದನ್ನ ಫಿಟ್ ಮಾಡಿದ್ದು? ಅವ್ನ ಕೈಗೆ ಇನ್ಮ್ಯಾಕೆ ಗಾಡಿ ಕೊಡ್ಬ್ಯಾಡ.”

ಅಷ್ಟೆಲ್ಲ ಪಶ್ಚಾತ್ತಾಪ ಪಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ನಮ್ಮೂರ ಪಕ್ಕದ ಚಾಂಪಿಯನ್ ರೀಫ್ಸಿನಲ್ಲಿ ಒಬ್ಬ ಮೆಕ್ಯಾನಿಕ್ಕು ಎಂದುಬಿಟ್ಟೆ. ಗಿರಿಜೆ ನನ್ನ ಕಡೆ ನೋಡಿದಳು, ಮುನಿರಾಜುವಿನ ಕೈಯಿಂದ ಸ್ಪ್ಯಾನರು ತೆಗೆದುಕೊಂಡಳು, ಎಷ್ಟು ಬಿಗಿಯಬೇಕು ತೋರಿಸಪ್ಪ ಎಂದಳು. ಉಳಿದ ಬೋಲ್ಟುಗಳನ್ನೆಲ್ಲ ಅವಳೇ ಬಿಗಿದಳು. ನನ್ನ ಕೆಲಸ ವಾಷರು ಎತ್ತಿಕೊಡುವುದು. ವಾಪಸು ಬರುವಾಗ ನಲವತ್ತರವರೆಗೆ ಅಪ್ಪಣೆ ಸಿಕ್ಕಿತು. ಊರಿಗಾಂ ಹತ್ತಿರ ಬಂದಾಗ, ದಸರಾ ರಜಕ್ಕೆ ಕನ್ಯಾಕುಮಾರಿಗೆ ಎಷ್ಟು ದಿನ ಬೇಕಾದೀತು ಎಂದು ಕಿವಿಯಲ್ಲಿ ಕೇಳಿದಳು. ನಾನು ಉತ್ತರವಾಗಿ ಹಾರ್ನು ಒತ್ತಿದೆ.

ಸೋಮವಾರ ಶಾಲೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಗಣಿತದ ಮೇಷ್ಟ್ರು ಸುತ್ತ ತಿರುಗಿ, ಪ್ರತಿಯೊಂದನ್ನೂ ಮುಟ್ಟಿ, ಇಷ್ಟು ಅಚ್ಚುಕಟ್ಟಾಗಿ ಯಾರು ಕೂರಿಸಿದರು ಎಂದು ಕೇಳಿದರು. ನಾನೇ ಎಂದೆ. ವಿಜ್ಞಾನದವರ ಕೈಯೇ ಬೇರೆ ಎಂದು ಅವರು ಎಲ್ಲರೆದುರು ಹೊಗಳಿದರು. ತಮ್ಮ ಗಾಡಿಗೂ ಇದೇ ಪೆಟ್ಟಿಗೆ, ಇದೇ ದೀಪ ತರಿಸುತ್ತಾರಂತೆ. ಬರುವ ಭಾನುವಾರ ಮನೆಗೆ ತನ್ನಿ, ಎರಡು ಗಂಟೆಯ ಕೆಲಸ ಎಂದು ಹೇಳಿದ್ದೇನೆ. ಬೋಲ್ಟು ಬಿಗಿಯಲು ಅವತ್ತು ಗಿರಿಜೆ ಮನೆಯಲ್ಲಿರುತ್ತಾಳೋ ಇಲ್ಲವೋ, ಅದನ್ನು ಇನ್ನೂ ಕೇಳಿಲ್ಲ.