ಟೆಂಟಿಗೂ ಕಿವಿರು ನೋಡಿದ ಅತ್ತೆ

ನಮ್ಮ ಅತ್ತೆ ದೇವರನ್ನು ನಂಬುತ್ತಾಳೆ. ಆದರೆ ಪ್ರಸಾದದ ಕಾಯಿಹೋಳನ್ನು ಮೂಸಿ ನೋಡದೆ ಬಾಯಿಗಿಡುವುದಿಲ್ಲ! ಭಟ್ಟರ ಎದುರೇ ಒಮ್ಮೆ ಹಾಗೆ ಮೂಸಿದಾಗ ನಾನು ಕಂಬದ ಮರೆಗೆ ಸರಿದಿದ್ದೆ. "ದೇವ್ರ ಮೇಲೆ ಅನುಮಾನ ಇಲ್ಲ. ಕಾಯಿ ಮಾರಿದವ್ನ ಮೇಲೆ" ಎಂದು ಭಟ್ಟರಿಗೇ ಸಮಾಧಾನ ಹೇಳಿದಳು.

ಅಪ್ಪನ ಅಕ್ಕನಾದ ಇವಳು ಅಂಕೋಲೆಯ ನಮ್ಮ ಮನೆಯ ಹೈಕೋರ್ಟು. ನನ್ನ ಹಣೆಬರಹವೂ ಹೋಗಿ ಅವಳ ಕೈಗೇ ಬೀಳಬೇಕೆ? ಬೆನ್ನಿಗೆ ಚೀಲ ಹಾಕಿಕೊಂಡು ಗೆಳತಿಯರ ಜೊತೆ ಹಿಲ್ಲೂರಿನ ಆಚೆಯ ಕಾಡಿನಲ್ಲಿ ನಡೆಯಬೇಕು, ಟೆಂಟು ಹಾಕಿ ಮಲಗಬೇಕು ಎಂಬುದು ನನ್ನ ಕಾಲೇಜು ದಿನಗಳ ಆಸೆ. ಈಗ ನಾನೇ ಶಾಲೆಯಲ್ಲಿ ಪಾಠ ಹೇಳುವವಳಾದರೂ ಅಪ್ಪನ ಒಪ್ಪಿಗೆಯಿಲ್ಲದೆ ಹೊರಡುವ ಧೈರ್ಯವಿರಲಿಲ್ಲ. ಅಪ್ಪ ಮಹಾ ಜಾಣ. ತಾನಾಗಿ ಬೇಡವೆನ್ನಲಿಲ್ಲ. "ಅಕ್ಕ ಟೆಂಟು ಪಾಸ್ ಮಾಡಿದ್ರೆ ಹೋಗು" ಎಂದ. ಅತ್ತೆ ಈ ಜನ್ಮದಲ್ಲಿ ಏನನ್ನಾದರೂ ಪಾಸು ಮಾಡಿದ್ದುಂಟೆ?

ಕಾರವಾರದ ಆಟದ ಸಾಮಾನಿನ ಅಂಗಡಿಗೆ ಹೋದೆವು. ಮೀನುಪೇಟೆಯಲ್ಲಿ ಬಂಗಡೆಯ ಕಿವಿರು ಎತ್ತಿ ನೋಡುವ ಹಾಗೆಯೇ ಅತ್ತೆ ಟೆಂಟಿನ ಒಂದೊಂದು ಮಡಿಕೆಯನ್ನೂ ಎತ್ತಿದಳು, ಮೂಸಿದಳು.

"ವಾಟರ್‌ಪ್ರೂಫ್ ಅಮ್ಮಾ" ಎಂದ ಅಂಗಡಿಯವನು.

"ಕೊಡೆ ಮಾರಿದವ್ನೂ ಹಾಂಗೇ ಹೇಳಿದ್ದ." ಹೊಲಿಗೆಗಳ ಮೇಲೆ ಅಂಟಿಸಿದ ಪಟ್ಟಿ ಅವಳ ಕಣ್ಣಿಗೆ ಬಿತ್ತು. "ಇದೆಂತದಾ ತಮಾ, ಹರಿದಲ್ಲಿ ತೇಪೆ ಹಚ್ಚಿದ್ದಾ?"

"ಹೊಲಿಗೆ ತೂತಿಂದ ನೀರು ಬರಬಾರದು ಅಂತ ಅಮ್ಮಾ."

"ಮತ್ತೆ ಈಗಷ್ಟೇ ನೀರೇ ಬರೂದಿಲ್ಲ ಅಂದ್ಯಲ?"

ಪಾಪ, ಅವನು ಟೆಂಟನ್ನು ಅಲ್ಲೇ ಕಟ್ಟಿ ತೋರಿಸಿದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಟೆಂಟಿನೊಳಗೆ ನುಗ್ಗಿ ಉದ್ದಕ್ಕೆ ಮಲಗಿದಳು. ಒಳಗಿನಿಂದ ಅಪ್ಪಣೆಯಾಯಿತು: "ಅಲ್ಲಾಡ್ಸು. ಸಮುದ್ರದ ಗಾಳಿ ಬಂತು ಅಂದ್ಕ." ಅವನು ಅಲ್ಲಾಡಿಸಿದ. ಚೆಂಡು ಕೊಳ್ಳಲು ಬಂದವರೆಲ್ಲ ಚೆಂಡು ಮರೆತು ನಿಂತರು. ಸೋರಿದರೆ ವಾಪಸ್ ಎಂಬ ಕರಾರಿನ ಮೇಲೆ ಟೆಂಟು ನಮ್ಮ ಜೊತೆ ಬಸ್ಸು ಹತ್ತಿತು.

ಮಳೆಗಾಲದ ಕೊನೆ. ಮರುದಿನ ಮಧ್ಯಾಹ್ನವೇ ಜೋರು ಮಳೆ ಹೊಡೆಯಿತು. ಅಂಗಳದಲ್ಲಿ ಕಟ್ಟಿದ್ದ ಟೆಂಟಿನೊಳಗೆ ಅತ್ತೆ ಸುಟ್ಟ ಹಪ್ಪಳವೊಂದನ್ನು ಹಿಡಿದು ಹೋಗಿ ಕೂತಳು. ಹಪ್ಪಳ ಮೆತ್ತಗಾದರೆ ಟೆಂಟು ಸೋರಿದಂತೆ! ಗಾಳಿಯಾಡಲು ಬಲೆಬಟ್ಟೆ ಹಾಕಿದ ಕಿಂಡಿಗಳಿದ್ದವಲ್ಲ, ಅವು ಕಂಪನಿಯವರು ಮುಚ್ಚಿಟ್ಟ ತೂತುಗಳೆಂದು ಅವಳ ಗುಮಾನಿ. ಹಳೇ ಸೀರೆ ತುರುಕಿ ಎಲ್ಲವನ್ನೂ ಬಂದ್ ಮಾಡಿ ಜಿಪ್ಪೆಳೆದುಕೊಂಡಳು. ಮಳೆ ನಿಂತ ಮೇಲೆ ಬೆವರಿನಲ್ಲಿ ಮಿಂದು ಹೊರಬಂದಳು. ಹಪ್ಪಳ ವೀಳ್ಯದೆಲೆಯಂತೆ ಮಡಚುತ್ತಿತ್ತು. ಟೆಂಟಿನ ಒಳಮೈಯಲ್ಲಿ ನೀರಿನ ಹನಿ.

"ಸೋರ್ತದೆ. ವಾಪಸ್" ಎಂದಳು. ನನ್ನ ಕಾಡು, ನನ್ನ ಗೆಳತಿಯರು, ಎಲ್ಲ ಅಲ್ಲಿಗೆ ಮುಗಿಯಿತು. ಅಳು ಬಂತು.

ಆದರೂ ಬಿಡಲಾರದೆ ಒಂದು ಉಪಾಯ ಮಾಡಿದೆ. ಇನ್ನೊಂದು ಹಪ್ಪಳ ಸುಟ್ಟು ಜಗಲಿಯ ಮೇಲಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅದೂ ಮೆತ್ತಗಾಯಿತು. ನಮ್ಮ ಕರಾವಳಿಯ ಗಾಳಿಯಲ್ಲಿ ಯಾವ ಹಪ್ಪಳ ತಾನೇ ಗರಿಗರಿಯಾಗಿ ಉಳಿದೀತು?

"ನೋಡತ್ತೆ. ಹಾಂಗಾರೆ ನಮ್ಮನೆ ಹೆಂಚಿನ ಮಾಡೂ ಸೋರ್ತದಾ?"

"ಅದು ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದಳು.

ಅಂಗಡಿಯವನಿಗೆ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟೆ. ಅವಳ ದೂರು ಕೇಳಿ ಅವನು, "ಕಿಂಡಿ ಮುಚ್ಚಿದ್ರಾ ಅಮ್ಮಾ? ಅದು ಮಳೆ ನೀರಲ್ಲ, ನಿಮ್ಮ ಉಸಿರೇ ಹನಿ ಕಟ್ಟಿದ್ದು" ಎಂದ. ಲೋಕವನ್ನೆಲ್ಲ ಅನುಮಾನಿಸಿದ ಅತ್ತೆಗೆ ತನ್ನ ಉಸಿರಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ! ಹೋಗಿ ಕಿಂಡಿಗಳ ಸೀರೆಚಿಂದಿ ಕಿತ್ತಳು. ಒಳಮೈ ಒರೆಸಿ, ಮುಂದಿನ ಮಳೆಗೆ ಮತ್ತೆ ಹೋಗಿ ಕೂತಳು. ಹೊರಗೆ ಬರುವ ಮುನ್ನ ಅಂಗೈಯಿಂದ ಟೆಂಟಿನ ಒಳಗೋಡೆ ಸವರಿ ನೋಡಿದಳು. ಕೈ ಒಣಗಿಯೇ ಇತ್ತು.

ಊಟದ ಹೊತ್ತಿಗೆ ಟೆಂಟು ಪಾಸಾದ ಸುದ್ದಿ ಅಪ್ಪನಿಗೆ ಮುಟ್ಟಿತು. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ. ಅವನ ಮನಸ್ಸಿನಲ್ಲಿದ್ದುದು ಆಗ ಹೊರಬಿತ್ತು.

"ಟೆಂಟು ಸರಿ ಅಕ್ಕಾ. ಆದ್ರೆ ಯಾರ್ಯಾರು ಬರ್ತ್ರು, ಇವ್ಳು ಎಲ್ಲಿ ಹೋಗ್ತಾಳೆ, ಎಂತ ಮಾಡ್ತಾಳೆ, ಅದನ್ನೂ ಒಂದ್ಸಲ ವಿಚಾರಿಸ್ಬೇಕಲ?"

ನಾನು ತಲೆ ತಗ್ಗಿಸಿದೆ. ಮೂಸದೆ ಪ್ರಸಾದವನ್ನೂ ತಿನ್ನದವಳು ಇನ್ನು ನನ್ನನ್ನು ಬಿಟ್ಟಾಳೆಯೇ ಎಂದುಕೊಂಡೆ. ಅತ್ತೆ ನನ್ನ ತಟ್ಟೆಗೆ ಸಾರು ಬಡಿಸುತ್ತ, ಅಪ್ಪನ ಕಡೆ ತಿರುಗದೆಯೇ ಹೇಳಿದಳು:

"ಟೆಂಟು ಅಂಗ್ಡೀದು. ಅದ್ಕೇ ನೋಡ್ದೆ. ಇವ್ಳು ನಮ್ಮವ್ಳು. ಇವ್ಳನ್ನ ಎಂತಕೆ ನೋಡೂದು?"