ನಲವತ್ತು ಮನೆ ನುಗ್ಗಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಕಳ್ಳಿ. ಇದನ್ನು ಕೋಪದಿಂದ ಹೇಳುತ್ತಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ. ಅರವತ್ತೆರಡು ವಯಸ್ಸಿನ, ಮಂಡಿನೋವಿನ, ಗೋವಿಂದರಾಜನಗರದ ಬೀದಿಯಲ್ಲಿ ನಾಯಿ ಕಂಡರೆ ರಸ್ತೆಯ ಆ ಕಡೆಗೆ ದಾಟಿಕೊಳ್ಳುವ ಈ ಹೆಂಗಸು ಮೂರೇ ವಾರದಲ್ಲಿ ನಲವತ್ತು ಮನೆಗೆ ನುಗ್ಗಿ, ಒಬ್ಬರ ಕಣ್ಣಿಗೂ ಬೀಳದೆ ಹೊರಬಂದರು ಎಂದರೆ ನಂಬುತ್ತೀರಾ? ನುಗ್ಗಿದ್ದು ವಿಡಿಯೋ ಗೇಮಿನಲ್ಲಿ ಎನ್ನುವುದು ಬೇರೆ ಮಾತು!

ನಾನು ಗೇಮುಗಳ ವಿಮರ್ಶೆ ಬರೆದು ಹೊಟ್ಟೆ ಹೊರೆಯುವವನು. ನಮ್ಮಪ್ಪ ಇದನ್ನು ಯಾರಿಗೂ ಹೇಳುವುದಿಲ್ಲ. ಕೇಳಿದವರಿಗೆಲ್ಲ ‘ಕಂಪ್ಯೂಟರ್ ಲೈನು’ ಎಂದುಬಿಡುತ್ತಾರೆ. ಮಾಗಡಿ ರೋಡಿನಲ್ಲಿ ಸ್ಕೂಟರ್ ಜಾರಿ ನನ್ನ ಬಲಗೈಗೆ ಪ್ಲಾಸ್ಟರ್ ಬಿದ್ದ ವಾರವೇ ಒಂದು ಹೊಸ ಗೇಮ್ ಬಂತು. ಇಡೀ ಒಂದು ಹಳೆಯ ಕಾಲದ ಊರು. ಎಲ್ಲಿ ಬೇಕಾದರೂ ಅಲೆಯಬಹುದು. ನಾವೊಬ್ಬ ಗೂಢಚಾರಿಣಿ, ಕಾವಲುಗಾರರ ಕಣ್ಣು ತಪ್ಪಿಸಿ ಮನೆಮನೆಗೆ ನುಗ್ಗಿ ರಾಜದ್ರೋಹಿಗಳ ಗುಟ್ಟು ಕದ್ದು ತರಬೇಕು.

“ಮೂರು ವಾರ ಟೈಮು. ಭಾನುವಾರ ಸಂಜೆ ಆರರೊಳಗೆ ಪೂರ್ತಿ ಆಡಿ ಮುಗಿಸಿ, ಗುಣ ದೋಷ ಎರಡೂ ಬರೆದು ಕಳಿಸಿ. ಈಗಾಗಲೇ ಎರಡು ಸಲ ಲೇಟ್ ಮಾಡಿದೀರ. ಮೂರನೇ ಸಲ ಆದ್ರೆ ಕಾಲಂ ಬೇರೆಯವರಿಗೆ,” ಎಂದರು ನಮ್ಮ ವೆಬ್‌ಸೈಟಿನ ಸಂಪಾದಕರು.

ಟಿವಿ ಮುಂದೆ ಕಂಟ್ರೋಲರ್ ಹಿಡಿದು ಆಡಲು ಎರಡು ಕೈ ಬೇಕು. ನನಗಿದ್ದದ್ದು ಒಂದು. ಮಾರೇನಹಳ್ಳಿಯ ನನ್ನ ಮಹಡಿ ರೂಮಿಗೆ ದಿನಾ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದ ಚಿಕ್ಕಮ್ಮನ ಕೈ ನೋಡಿದೆ. ಸೀರಿಯಲ್ ನೋಡುತ್ತಾ, ಅದರ ಅತ್ತೆಯನ್ನು ಬೈಯುತ್ತಾ, ಕೆಳಗೆ ಕಣ್ಣು ಹಾಯಿಸದೆ ಮೊಳಗಟ್ಟಲೆ ಮಲ್ಲಿಗೆ ಕಟ್ಟುವ ಬೆರಳುಗಳು!

“ಚಿಕ್ಕಮ್ಮ, ನಾನು ಹೇಳಿದ ಬಟನ್ ಸ್ವಲ್ಪ ಒತ್ತುತೀರಾ?”

“ಪಾಪ, ಕೈ ಮುರ್ಕೊಂಡಿದೀಯ. ಕೊಡು ಇಲ್ಲಿ,” ಎಂದರು.

ಎರಡನೆಯ ದಿನಕ್ಕೆ ನಾನು ಹೇಳುವುದೇ ಉಳಿಯಲಿಲ್ಲ. ಮರದ ಮೆಟ್ಟಿಲು ಹತ್ತುವಾಗ ಅವರು ನಮ್ಮ ಗೂಢಚಾರಿಣಿಯನ್ನು ಗೋಡೆಗೆ ಅಂಟಿಸಿ ನಡೆಸಿದರು. “ಮೆಟ್ಟಿಲು ಮಧ್ಯೆ ತುಳಿದ್ರೆ ಕಿರ್ ಅನ್ನುತ್ತೆ ಕಣೋ. ಅಂಚಲ್ಲಿ ತುಳೀಬೇಕು.” ಪರೀಕ್ಷೆ ಮಾಡಿದರೆ ನಿಜ! ಗೇಮ್ ಮಾಡಿದವರು ಅಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು. ಹತ್ತು ವರ್ಷದಿಂದ ಇಂಥ ಗೇಮ್ ಆಡುವ ನನಗೆ ಹೊಳೆಯದ್ದು ಇವರಿಗೆ ಹೇಗೆ ಗೊತ್ತಾಯಿತು? ಕೇಳಿದರೆ, “ಕೂಡು ಕುಟುಂಬಕ್ಕೆ ಸೊಸೆಯಾಗಿ ಬಂದು ನೋಡು, ಎಲ್ಲಾ ಗೊತ್ತಾಗುತ್ತೆ,” ಎಂದು ನಕ್ಕರು. ಗುಣದ ಪಟ್ಟಿಯಲ್ಲಿ ಮೆಟ್ಟಿಲು ಸೇರಿತು.

ದೋಷಗಳನ್ನೂ ಅವರೇ ಹೆಕ್ಕಿದರು. ಕಾವಲುಗಾರನೊಬ್ಬ ತಾನು ಮುಚ್ಚಿದ ಬಾಗಿಲು ತೆರೆದಿರುವುದನ್ನು ಕಂಡು, ‘ಗಾಳಿ ಇರಬೇಕು’ ಎಂದು ಗೊಣಗಿ ಹೊರಟುಹೋದ. ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಗಾಳಿಯಂತೆ! ಇವನಿಗೆ ಸಂಬಳ ಬೇರೆ ಕೇಡು. ನಮ್ಮತ್ತೆ ಆಗಿದ್ರೆ ಸಕ್ಕರೆ ಡಬ್ಬ ಅರ್ಧ ಇಂಚು ಜರುಗಿದ್ರೂ ಕಂಡುಹಿಡಿಯೋರು!”

ಕತ್ತು ಹಿಸುಕುವ ಬಟನ್ ತೋರಿಸಿದೆ. ಮುಟ್ಟಲಿಲ್ಲ. “ಛೀ, ಇವನಿಗೂ ಮನೇಲಿ ಕಾಯೋರು ಇರ್ತಾರೆ,” ಎಂದರು. ಅಷ್ಟೇ ಅಲ್ಲ, ನುಗ್ಗಿದ ಮನೆಯ ಒಲೆಯ ಮೇಲೆ ಏನಾದರೂ ಉಕ್ಕುತ್ತಿದ್ದರೆ ಬೆಂಕಿ ಆರಿಸಿ ಬರುತ್ತಿದ್ದರು. ಇಂಥ ಕಳ್ಳಿಯನ್ನು ಯಾರು ಬೇಡವೆನ್ನುತ್ತಾರೆ ಹೇಳಿ!

ಹೀಗೆ ನಲವತ್ತು ಮನೆ ಮುಗಿದು ಕೊನೆಯ ಭಾನುವಾರ ಬಂತು. ಉಳಿದದ್ದು ಒಂದೇ ಮನೆ, ರಾಜದ್ರೋಹಿಯ ದೊಡ್ಡ ವಾಡೆ. ಒಳಗೆ ಸೇರಿ, ಒಂದು ಪತ್ರ ತೆಗೆದುಕೊಂಡು, ಹೊರಗೆ ಬಂದು ಹೊಳೆಯ ದಡದಲ್ಲಿ ಒಬ್ಬನಿಗೆ ಕೊಟ್ಟರೆ ಆಟ ಮುಗಿಯಿತು. ವಿಮರ್ಶೆಯನ್ನು ಎಡಗೈಯಲ್ಲೇ ಬರೆದಿಟ್ಟಿದ್ದೆ, ಕೊನೆ ನೋಡಿ ಎರಡು ಸಾಲು ಸೇರಿಸುವುದಷ್ಟೇ ಬಾಕಿ. ಗಂಟೆ ನಾಲ್ಕು. ಗೇಮಿನಲ್ಲಿ ಆಗತಾನೆ ಮುಸ್ಸಂಜೆ. ಕಾವಲು ಬದಲಾಗುವ ಹೊತ್ತು, ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಪತ್ರ ಕಣ್ಣೆದುರಿಗಿದೆ. ಪಕ್ಕದಲ್ಲೇ ಒಂದು ದೀಪ ಉರಿಯುತ್ತಿದೆ.

ಚಿಕ್ಕಮ್ಮ ಕೈ ಹಿಂದೆಗೆದರು.

“ದೀಪ ಹಚ್ಚಿದ್ದಾರೆ.”

“ಹಚ್ಚಿದ್ರೆ ಹಚ್ಚಲಿ, ತಗೊಳ್ಳಿ!”

“ದೀಪ ಹಚ್ಚಿದ ಮನೆಯಿಂದ ಏನೂ ಆಚೆ ಹೋಗಬಾರ್ದು ಕಣೋ. ಆ ಹೊತ್ತಲ್ಲಿ ಪಕ್ಕದ ಮನೆಯವ್ರಿಗೆ ನಾನು ಹೆಪ್ಪಿಗೆ ಮೊಸರೂ ಕೊಡಲ್ಲ.”

“ಚಿಕ್ಕಮ್ಮ, ನಾವು ಕಳ್ಳರು!”

“ಕಳ್ಳರಾದ್ರೆ ಒಂದು ನೀತಿ ನೇಮ ಬೇಡ್ವಾ?”

ಗೇಮಿನಲ್ಲಿ ಬೆಳಗಾಗುವವರೆಗೆ, ಅಂದರೆ ನಮ್ಮ ಲೆಕ್ಕದ ಇಪ್ಪತ್ತು ನಿಮಿಷ, ಅಟ್ಟದ ಮೇಲೆ ಅವಿತು ಕೂತೆವು. ಬೆಳಗಾಯಿತು. ಕಾವಲು ಎರಡರಷ್ಟಾಯಿತು. ಚಿಕ್ಕಮ್ಮ ಪತ್ರವನ್ನೇನೋ ತೆಗೆದುಕೊಂಡರು. ಆದರೆ ಹೆಬ್ಬಾಗಿಲಿಗೆ ಬಂದರೆ ಅಲ್ಲೊಬ್ಬ ಮುದುಕಿ ಮೊರ ಹಿಡಿದು ಧಾನ್ಯ ಕೇರುತ್ತಾ ಕೂತಿದ್ದಾಳೆ! ಸಂಜೆಯೇ ಹೊರಟಿದ್ದರೆ ಈ ಮುದುಕಿಯೇ ಇರುತ್ತಿರಲಿಲ್ಲ.

ಚಿಕ್ಕಮ್ಮ ತಪ್ಪು ಬಟನ್ ಒತ್ತಿದರು. ಮುದುಕಿ ಕೂಗಿದಳು. ಸಿಕ್ಕಿಬಿದ್ದೆವು. ಸೇವ್ ಮಾಡಿದ ಜಾಗದಿಂದ ಮತ್ತೆ ಶುರು. ಮತ್ತೆ ಅದೇ ಬಾಗಿಲು, ಮತ್ತೆ ಸಿಕ್ಕಿಬಿದ್ದೆವು. ಮೂರನೆಯ ಸಲವೂ ಅಷ್ಟೇ. ಗಂಟೆ ಐದೂ ಕಾಲು.

“ಪಕ್ಕದಲ್ಲಿ ಕಿಟಕಿ ಇದೆ ಚಿಕ್ಕಮ್ಮ, ಹಾರಿಬಿಡಿ!”

“ಬೇಡ. ಬಾಗಿಲಿಂದ್ಲೇ ಹೋಗ್ಬೇಕು.”

“ಇದು ನನ್ನ ಹೊಟ್ಟೆಪಾಡು! ನಿಮಗೆ ಆಟ!” ಎಂದು ಕೂಗಿಬಿಟ್ಟೆ. ಕೂಗಿದ್ದು ತಪ್ಪು. ಮೂರು ವಾರ ಅನ್ನ ತಂದುಕೊಟ್ಟವರ ಮೇಲೆ ಕೂಗಿದೆ.

ಅವರು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಟಿವಿಯನ್ನೇ ನೋಡುತ್ತಾ ಕೇಳಿದರು: “ಎಷ್ಟು ಸಲ ಬೇಕಾದ್ರೂ ಹಿಂದಕ್ಕೆ ಹೋಗಬೋದಾ?”

“ಹೂಂ. ಅದೇ ಈ ಗೇಮಿನ ದೊಡ್ಡ ದೋಷ. ಸಿಕ್ಕಿಬೀಳೋ ಭಯಾನೇ ಇರಲ್ಲ. ಹಾಗಂತ ಬರೆದೂ ಆಗಿದೆ.”

“ಅದನ್ನ ದೋಷ ಅಂತ ಬರಿಬೇಡ ಕಣೋ.”

ಆಮೇಲೆ ಹೇಳಿದರು. ಮದುವೆಯಾಗಿ ಬಂದಾಗ ಅವರ ಸೆಕೆಂಡ್ ಪಿಯುಸಿ ಪರೀಕ್ಷೆ ಬಾಕಿ ಇತ್ತಂತೆ. ಓದಿದ್ದು ಸಾಕು ಎಂದರಂತೆ ಮನೆಯವರು.

“ಗುಡಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಐದು ಪೇಪರ್ ಬರ್ದೆ. ಯಾರ ಕಣ್ಣಿಗೂ ಬೀಳ್ಲಿಲ್ಲ. ಕೊನೇ ಪೇಪರ್ ದಿನ ನಮ್ಮತ್ತೆ ಬಾಗಿಲಲ್ಲಿ ಮೊರ ಇಟ್ಕೊಂಡು ಕೂತಿದ್ರು. ಎಲ್ಲಿಗೆ ಅಂದ್ರು. ಗುಡಿಗೆ ಅಂದೆ. ಹೂವಿನ ಬುಟ್ಟೀಲಿ ಪೆನ್ನು ಯಾಕೆ ಅಂದ್ರು.”

“ಆಮೇಲೆ?”

“ಆಮೇಲೇನು? ಒಳಗೆ ಹೋಗಿ ಸಾರಿಗೆ ಬೇಳೆ ಹಾಕ್ದೆ.”

ಇಷ್ಟು ವರ್ಷ ಅವರ ಕೈಯ ಸಾರು ಉಂಡಿದ್ದೇನೆ. ಈ ಕಥೆಯನ್ನು ಅವರು ಯಾರಿಗೂ ಹೇಳಿರಲಿಲ್ಲ, ನಾವೂ ಯಾರೂ ಕೇಳಿರಲಿಲ್ಲ. ನಾಚಿಕೆಯಾಯಿತು.

ನಾಲ್ಕನೆಯ ಸಲ ಅವರು ಅವಸರ ಮಾಡಲಿಲ್ಲ. ಮುದುಕಿ ಮೊರದಲ್ಲಿ ಕೇರಿದಳು, ನಿಲ್ಲಿಸಿದಳು, ಕಲ್ಲು ಹೆಕ್ಕಲು ಬಗ್ಗಿದಳು. ಅಷ್ಟರಲ್ಲಿ ಒಂದು ಹೆಜ್ಜೆ. ಮತ್ತೆ ಕೇರಿದಳು, ನಾವು ಕಂಬದ ಹಿಂದೆ. ಮತ್ತೆ ಬಗ್ಗಿದಳು, ಇನ್ನೊಂದು ಹೆಜ್ಜೆ. ಮುದುಕಿ ಒಮ್ಮೆ ತಲೆ ಎತ್ತಿದಳು. ಚಿಕ್ಕಮ್ಮ ಕದಲಲಿಲ್ಲ. ಮುದುಕಿ ಮತ್ತೆ ಬಗ್ಗಿದಳು. ಹೊಸ್ತಿಲು ದಾಟಿದೆವು.

ಹೊರಗೆ ಬೀದಿ. ಬಿಸಿಲು. ತರಕಾರಿ ಗಾಡಿಗಳು. ಯಾರೂ ನಮ್ಮನ್ನು ಎಲ್ಲಿಗೆ ಎಂದು ಕೇಳಲಿಲ್ಲ.

ಗಂಟೆ ಆರಕ್ಕೆ ಇನ್ನು ಹತ್ತು ನಿಮಿಷ. ಓಡಿದರೆ ಹೊಳೆಯ ದಡ ಎರಡೇ ನಿಮಿಷದ ದಾರಿ. “ಚಿಕ್ಕಮ್ಮ, ಈಗ ಹೊಳೆ ಕಡೆ...” ಎಂದು ಶುರು ಮಾಡಿದೆ.

“ಸ್ವಲ್ಪ ಹೊತ್ತು ಹೀಗೇ ಬಿಡೋ,” ಎಂದರು. “ಇವಳು ಹೊರಗೆ ನಿಂತಿರ್ಲಿ.”

ಟೇಬಲ್ ಮೇಲೆ ಫೋನು ಗುರ್ ಎಂದಿತು, ಸಂಪಾದಕರದ್ದು. ಎಡಗೈಯಿಂದ ಅದನ್ನು ಬೋರಲು ಮಾಡಿದೆ. ಚಿಕ್ಕಮ್ಮನ ಪಕ್ಕ ಇನ್ನೂ ಸ್ವಲ್ಪ ಹತ್ತಿರ ಸರಿದು ಕೂತೆ. ಆರು ಹೊಡೆಯಿತು. ಇಬ್ಬರೂ ಆ ಬೀದಿಯನ್ನು ನೋಡುತ್ತಲೇ ಇದ್ದೆವು.